ಮೂರು ವರ್ಷದ ಕೈಗೆ ಒಂದು ಬುತ್ತಿ: ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಟಿಪ್ಪಣಿ

ಟೋಕಿಯೊದ ಎಡೊಗಾವಾ ವಾರ್ಡಿನ ನಿಶಿ-ಕಸಾಯ್‌ನಲ್ಲಿ ನಮ್ಮ ಮನೆ. ಇಲ್ಲಿ ಭಾರತದವರು ಜಾಸ್ತಿ. ತೊಗರಿಬೇಳೆ, ಇಂಗು, ಸೋನಾ ಮಸೂರಿ ಎಲ್ಲ ನಡೆದು ಹೋಗುವ ದೂರದಲ್ಲೇ ಸಿಗುತ್ತದೆ. ಹಾಗಾಗಿ ಅಡುಗೆಮನೆಯ ಮಟ್ಟಿಗೆ ನಾವು ಜಪಾನಿಗೆ ಬಂದಿದ್ದೇವೆ ಅಂತಲೇ ಅನ್ನಿಸಿರಲಿಲ್ಲ. ಅನ್ನಿಸಿದ್ದು ಈ ಏಪ್ರಿಲ್‌ನಲ್ಲಿ, ಮಗಳು ಯೋಚಿಯೆನ್ ಸೇರಿದಾಗ.

ಯೋಚಿಯೆನ್ ಅಂದರೆ ಶಿಶುವಿಹಾರ, 3 ವರ್ಷ ತುಂಬಿದ ಮೇಲೆ. ಕೆಲಸಕ್ಕೆ ಹೋಗುವವರ ಮಕ್ಕಳನ್ನು ದಿನವಿಡೀ ನೋಡಿಕೊಳ್ಳುವ ಹೋಇಕುಯೆನ್‌ನಲ್ಲಿ ಊಟ ಅಲ್ಲೇ ಕೊಡುತ್ತಾರೆ. ಯೋಚಿಯೆನ್‌ನಲ್ಲಿ ಒಂದೊಂದು ಕಡೆ ಒಂದೊಂದು ಪದ್ಧತಿ. ನಮ್ಮಲ್ಲಿ ಮಂಗಳವಾರ, ಗುರುವಾರ ಮನೆಯಿಂದ ಬೆಂಟೊ, ಅಂದರೆ ಡಬ್ಬದ ಬುತ್ತಿ, ಬರಬೇಕು. ಹೆಂಡತಿ 7 ಗಂಟೆಗೇ ಆಫೀಸಿಗೆ ಹೊರಡುತ್ತಾಳೆ. ಬೆಂಟೊ ನನ್ನ ಪಾಲಿಗೆ ಬಂತು. ನಮ್ಮದು ಮೊಟ್ಟೆ ತಿನ್ನುವ, ಮೀನು ಮಾಂಸ ತಿನ್ನದ ಮನೆ.

ಶಾಲೆಯವರು ಕೊಟ್ಟ ಕಾಗದದಲ್ಲಿ ಏನು ಅಡುಗೆ ಮಾಡಬೇಕು ಅಂತ ಒಂದು ಮಾತೂ ಇರಲಿಲ್ಲ. ಇದ್ದಿದ್ದು ಇಷ್ಟು: ಮಗು ತಾನೇ ತೆರೆಯಬೇಕು, ತಾನೇ ತಿನ್ನಬೇಕು, ತಾನೇ ಮುಚ್ಚಿ ಬಟ್ಟೆ ಕಟ್ಟಬೇಕು. ಮೊದಮೊದಲು ಕಡಿಮೆ ಹಾಕಿ, ಡಬ್ಬ ಖಾಲಿಯಾದ ಖುಷಿ ಸಿಗಲಿ. ನಾನು ಇದನ್ನು ಓದಿ ಮಡಚಿಟ್ಟು, ಸೀದಾ ಕರಡಿ ಮುಖದ ಅನ್ನದ ಫೋಟೊ ನೋಡೋಕೆ ಕೂತೆ. ಮುಂದಿನ ಎರಡು ತಿಂಗಳ ಎಡವಟ್ಟೆಲ್ಲ ಅಲ್ಲಿಂದಲೇ ಶುರು.

ಡಬ್ಬ, ಮೊದಲನೆಯದು ಮತ್ತು ಎರಡನೆಯದು

ಮೊದಲು ತಂದಿದ್ದು 450 ಮಿಲಿಲೀಟರಿನ ಪ್ಲಾಸ್ಟಿಕ್ ಡಬ್ಬ. ಎರಡು ಕಡೆ ಚಿಲಕ, ಮುಚ್ಚಳದ ಒಳಗೆ ರಬ್ಬರ್ ಪಟ್ಟಿ. ಸೋರಲ್ಲ ಅನ್ನೋದೊಂದೇ ನನ್ನ ತಲೆಯಲ್ಲಿತ್ತು. ಸಾರು ಚೆಲ್ಲಿದ ಬ್ಯಾಗು ಹೊತ್ತು ಬೆಳೆದವರಿಗೆ ಅದೇ ತಾನೇ ಮೊದಲ ಭಯ.

ಇಲ್ಲಿ ಬೆಂಟೊ ಡಬ್ಬವನ್ನು ಮಿಲಿಲೀಟರಿನಲ್ಲಿ ಅಳೆಯುತ್ತಾರೆ. ಅದಕ್ಕೊಂದು ಮನೆಲೆಕ್ಕ ಇದೆ: ಅಲುಗಾಡದಂತೆ ತುಂಬಿ, ಅನ್ನ 3 ಪಾಲು, ಮುಖ್ಯ ಪದಾರ್ಥ 1 ಪಾಲು, ತರಕಾರಿ 2 ಪಾಲು ಇಟ್ಟರೆ, ಎಷ್ಟು ಮಿಲಿಲೀಟರೋ ಹೆಚ್ಚುಕಮ್ಮಿ ಅಷ್ಟೇ ಕ್ಯಾಲರಿ. ನಾನು ತಕ್ಕಡಿಯಲ್ಲಿ ತೂಗಿ ನೋಡಿದೆ. 90 ಗ್ರಾಂ ಅನ್ನ ಸುಮಾರು 140 ಕ್ಯಾಲರಿ, ಒಂದು ಮೊಟ್ಟೆಯ ಸುರುಳಿ 80-90, ತರಕಾರಿ ಹಣ್ಣು ಸೇರಿ 40. ಒಟ್ಟು 270ರ ಹತ್ತಿರ. ಮೂರು ವರ್ಷದವಳಿಗೆ ಅದು ಸರಿಯಾದ ಊಟ. ಅಂದರೆ ನನ್ನ 450ರ ಡಬ್ಬ ಅವಳಿಗಲ್ಲ, ನನಗೇ.

ಎರಡನೇ ತಪ್ಪು ಮೊದಲ ಗುರುವಾರವೇ ಗೊತ್ತಾಯಿತು. ಅವಸರದಲ್ಲಿ ಬಿಸಿ ಅನ್ನಕ್ಕೇ ಮುಚ್ಚಳ ಹಾಕಿ ಚಿಲಕ ಬಿಗಿದಿದ್ದೆ. ಒಳಗಿನ ಹಬೆ ತಣ್ಣಗಾಗಿ ನೀರಾಯಿತು, ಗಾಳಿ ಕುಗ್ಗಿತು, ರಬ್ಬರ್ ಪಟ್ಟಿ ಹೊರಗಿನ ಗಾಳಿಯನ್ನು ಬಿಡಲಿಲ್ಲ. ಮುಚ್ಚಳ ಗಚ್ಚಿನಂತೆ ಕೂತುಬಿಟ್ಟಿತು. ಮಗಳು ಎಳೆದಳು, ಪಕ್ಕದ ಹುಡುಗ ಎಳೆದ, ಕೊನೆಗೆ ಟೀಚರ್ ಚಮಚದ ಹಿಡಿಯಿಂದ ಮೀಟಿ ತೆಗೆದರಂತೆ. ಒಳಗೆ ಅನ್ನದ ಮೇಲೆ ಮಳೆ ಸುರಿದ ಹಾಗೆ ನೀರು.

ಹೊಸ ಡಬ್ಬ: 270 ಮಿಲಿಲೀಟರ್, ಅಲ್ಯುಮಿನಿಯಂ, ಮೊಟ್ಟೆಯಾಕಾರ. ಚಿಲಕ ಇಲ್ಲ, ರಬ್ಬರ್ ಇಲ್ಲ. ಮೇಲಿಂದ ಸುಮ್ನೆ ಹೊದಿಸುವ ಮುಚ್ಚಳ, ಅದರ ಮೇಲೊಂದು ಇಲಾಸ್ಟಿಕ್ ಪಟ್ಟಿ. ಅಲ್ಯುಮಿನಿಯಂ ಯಾಕೆ ಅಂದರೆ, ಚಳಿಗಾಲದಲ್ಲಿ ಇಲ್ಲಿನ ಎಷ್ಟೋ ಯೋಚಿಯೆನ್‌ಗಳಲ್ಲಿ ಡಬ್ಬಗಳನ್ನೆಲ್ಲ ಬೆಚ್ಚಗಿಡುವ ಒಂದು ಕಪಾಟು ಇರುತ್ತದೆ. ಅದಕ್ಕೆ ಲೋಹದ ಡಬ್ಬವೇ ಬೇಕು. ಹುಳಿ ಹಾಕಿದರೆ ಅಲ್ಯುಮಿನಿಯಂ ಹಾಳಾಗಲ್ವಾ ಅಂತ ಅಮ್ಮ ಫೋನಿನಲ್ಲಿ ಕೇಳಿದರು. ಸರಿಯಾದ ಪ್ರಶ್ನೆ. ಹಿಂದೆ ಬಿಳಿ ಅನ್ನದ ನಡುವೆ ಒಂದು ಉಪ್ಪು ಹುಳಿಯ ಉಮೆಬೋಶಿ ಕಾಯಿ ಇಟ್ಟು ದಿನವೂ ಒಯ್ಯುತ್ತಿದ್ದವರ ಡಬ್ಬಗಳಲ್ಲಿ ಮುಚ್ಚಳಕ್ಕೆ ತೂತು ಬೀಳುತ್ತಿತ್ತಂತೆ. ಈಗಿನವಕ್ಕೆ ಅಲುಮೈಟ್ ಅನ್ನುವ ಗಟ್ಟಿ ಪದರ ಇರುತ್ತದೆ. ನಮ್ಮ ಹಿತ್ತಾಳೆ ಪಾತ್ರೆಗೆ ಕಲಾಯಿ ಇದ್ದ ಹಾಗೆ. ತಂತಿ ಬ್ರಷ್ಷಿನಲ್ಲಿ ಉಜ್ಜಬಾರದು, ಅಷ್ಟೇ.

ಒಂದು ನಷ್ಟ ಒಪ್ಪಿಕೊಳ್ಳಬೇಕಾಯಿತು. ಈ ಡಬ್ಬ ಸೋರುತ್ತದೆ. ಅಂದರೆ ರಸ ಇರುವ ಯಾವುದನ್ನೂ ಹಾಕುವಂತಿಲ್ಲ. ಸೋರದ ಡಬ್ಬದ ಬದಲು ಸೋರದ ಅಡುಗೆ ಮಾಡಬೇಕು.

ಅನ್ನ

ಮೊದಲ ಪ್ರಯತ್ನ, ಸೋನಾ ಮಸೂರಿ ಚಿತ್ರಾನ್ನ. ಬೆಳಗ್ಗೆ ಬಿಸಿಯಾಗಿ ಚೆನ್ನಾಗೇ ಇತ್ತು. ಸಂಜೆ ಡಬ್ಬದಲ್ಲಿ ಅರ್ಧ ವಾಪಸ್. ಮೇಜಿನ ಕೆಳಗೂ ಅಷ್ಟೇ ಇತ್ತು ಅಂತ ಟೀಚರ್ ನಗುತ್ತಾ ಹೇಳಿದರು. ಉದುರುದುರಾಗಿರೋದೇ ಚಿತ್ರಾನ್ನದ ಹೆಮ್ಮೆ. ಆದರೆ ಮೂರು ವರ್ಷದ ಮಗುವಿನ ಚಮಚದಲ್ಲಿ ಅದು ಮರಳು. ಮೇಲಾಗಿ ತಣ್ಣಗಾದಾಗ ಗಟ್ಟಿ. ನಮ್ಮ ಅಕ್ಕಿಯಲ್ಲಿ ಅಮೈಲೋಸ್ ಅನ್ನುವ ಪಿಷ್ಟದ ಪಾಲು ಜಪಾನಿ ಅಕ್ಕಿಗಿಂತ ಹೆಚ್ಚು. ಆರಿದಾಗ ಅದೇ ಬಿಗಿಯೋದು. ಇಲ್ಲಿನ ಗುಂಡು ಅಕ್ಕಿಯಲ್ಲಿ ಅದು ಕಡಿಮೆ. ಅದಕ್ಕೇ ತಣ್ಣಗಾದರೂ ಮೆತ್ತಗೆ, ಒಂದಕ್ಕೊಂದು ಅಂಟಿಕೊಂಡು ಇರುತ್ತದೆ. ತಣ್ಣನೆ ಊಟ ಇಲ್ಲಿ ಹೇಗೆ ನಡೆಯುತ್ತೆ ಅನ್ನುವ ನನ್ನ ಪ್ರಶ್ನೆಗೆ ಉತ್ತರ ಅಕ್ಕಿಯಲ್ಲೇ ಇತ್ತು.

ಅಳತೆ: ಇಲ್ಲಿ ಅಕ್ಕಿಯನ್ನು ಅಳೆಯೋದು 'ಗೋ' ಲೆಕ್ಕದಲ್ಲಿ. 1 ಗೋ ಅಂದರೆ 180 ಮಿಲಿಲೀಟರ್, 150 ಗ್ರಾಂ ಅಕ್ಕಿ. ತೊಳೆದು ಅರ್ಧ ಗಂಟೆ ನೆನೆಸಿ, 200 ಮಿಲಿಲೀಟರ್ ನೀರು. ಬೆಂದ ಮೇಲೆ ಸುಮಾರು 330 ಗ್ರಾಂ ಅನ್ನ.

ಇದೇ ಅಕ್ಕಿಯಲ್ಲಿ ಚಿತ್ರಾನ್ನ ಮಾಡಿದರೆ ಮುದ್ದೆಯಾಗಲ್ವಾ? ಆಯಿತು, ಎರಡು ಸಲ. ಮೂರನೇ ಸಲ ಸುಶಿ ಅನ್ನ ಕಲೆಸುವ ರೀತಿ ಹಿಡಿದೆ. ಅಗಲ ತಟ್ಟೆಗೆ ಹಾಕಿ, ಬಿಸಿ ಇರುವಾಗಲೇ ಒಗ್ಗರಣೆ ಮತ್ತು ನಿಂಬೆರಸ ಸುರಿದು, ಸೌಟಿನ ಅಂಚಿನಿಂದ ಸೀಳಿದ ಹಾಗೆ ಕಲೆಸಬೇಕು. ತಿರುವಬಾರದು. ಜೊತೆಗೆ ಬೀಸಣಿಗೆಯಿಂದ ಗಾಳಿ. ಕಾಳು ಮುರಿಯೋದಿಲ್ಲ.

ಕಡಲೆಬೀಜ, ಕಡಲೆಬೇಳೆ ಬಿಟ್ಟೆ. ಗಟ್ಟಿ ಬೀಜ, ಕಾಳುಗಳನ್ನು 5 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಕೊಡಬೇಡಿ ಅಂತ ಜಪಾನಿನ ಗ್ರಾಹಕ ವ್ಯವಹಾರಗಳ ಸಂಸ್ಥೆಯ ಸೂಚನೆ ಇದೆ. ಶ್ವಾಸನಾಳಕ್ಕೆ ಹೋಗಬಹುದು. ಕಡಲೆಬೀಜ ಇಲ್ಲದ ಚಿತ್ರಾನ್ನ ಅಂದರೆ ನನಗೆ ಹಬ್ಬದ ಮನೆಯಲ್ಲಿ ತೋರಣ ಕಟ್ಟದ ಹಾಗೆ. ಹುರಿದು ಪುಡಿ ಮಾಡಿದ ಎಳ್ಳು ಹಾಕಿದೆ. ಅವಳಿಗೆ ಫರಕು ಗೊತ್ತಾಗಲಿಲ್ಲ.

ಈಗ ಅನ್ನ ಹೋಗೋದು 30 ಗ್ರಾಂನ ಮೂರು ಉಂಡೆಯಾಗಿ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಒತ್ತುತ್ತೇನೆ. ಬರಿಗೈ ಮುಟ್ಟಿಸುವುದಿಲ್ಲ, ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅನ್ನದಲ್ಲಿ ಬೆಳೆಯುತ್ತವೆ. ಕೈತುತ್ತು ತಿಂದು ಬೆಳೆದವನಿಗೆ ಇದು ಸ್ವಲ್ಪ ಕಸಿವಿಸಿ. ಕೈತುತ್ತು ಕೈಯಿಂದ ನೇರ ಬಾಯಿಗೆ ಹೋಗುತ್ತಿತ್ತು, ಇದು ನಾಲ್ಕು ಗಂಟೆ ಬ್ಯಾಗಿನಲ್ಲಿರುತ್ತದೆ ಅಂತ ಸಮಾಧಾನ ಮಾಡಿಕೊಂಡೆ. ಉಂಡೆಗೆ ನೋರಿ ಅನ್ನುವ ಒಣ ಕಡಲ ಪಾಚಿಯ ಹಾಳೆ ಸುತ್ತಿದಾಗ ಅವಳಿಗೆ ಹಲ್ಲಿನಲ್ಲಿ ಹರಿಯೋಕಾಗದೆ ಇಡೀ ಹಾಳೆ ಬಾಯಲ್ಲಿ ಬಂತು, ಅಂಗುಳಕ್ಕೆ ಅಂಟಿಕೊಂಡಿತು. ಈಗ ನೋರಿಗೆ ಕತ್ತರಿಯಿಂದ ಅಲ್ಲಲ್ಲಿ ಸಣ್ಣ ಸೀಳು ಹಾಕಿ, ಬೆರಳಗಲದ ಪಟ್ಟಿ ಮಾತ್ರ ಸುತ್ತುತ್ತೇನೆ.

ಮೊಟ್ಟೆ ಸುರುಳಿ: ಏಳು ಸಲ

ತಮಾಗೊಯಾಕಿಗೆ, ಅಂದರೆ ಈ ಮೊಟ್ಟೆ ಸುರುಳಿಗೆ, ಚೌಕ ಬಾಣಲೆ ಬೇಕು. ದೋಸೆ ಕಾವಲಿಯಲ್ಲಿ ಮಾಡಿದರೆ ತುದಿಗಳು ಚೂಪಾಗಿ, ಡಬ್ಬದಲ್ಲಿ ಕೂರುವುದಿಲ್ಲ. 2 ಮೊಟ್ಟೆ, 2 ಟೀ ಚಮಚ ಸಕ್ಕರೆ, ಚಿಟಿಕೆ ಉಪ್ಪು, 1 ದೊಡ್ಡ ಚಮಚ ನೀರು. ಟೋಕಿಯೊ ಕಡೆ ಇದು ಸಿಹಿ. ಒಸಾಕಾ, ಕ್ಯೋಟೊ ಕಡೆ ಸಕ್ಕರೆಯ ಬದಲು ದಾಶಿ ಸಾರು ಹಾಕುತ್ತಾರೆ. ಆ ಸಾರು ಸಾಮಾನ್ಯವಾಗಿ ಮೀನಿನದು, ಹಾಗಾಗಿ ನಮಗೆ ಟೋಕಿಯೊ ದಾರಿಯೇ ಸುಲಭ. ದಾಶಿ ಬೇಕೆನಿಸಿದ ದಿನ ಕೊಂಬು ಅನ್ನುವ ಕಡಲ ಪಾಚಿಯನ್ನು ರಾತ್ರಿಯೇ ನೀರಿನಲ್ಲಿ ನೆನೆಸಿಡುತ್ತೇನೆ.

ಮೊದಲ ಮೂರು ಸುರುಳಿ ಸೀದು ಹೋದವು. ಸಕ್ಕರೆ ಇರುವುದರಿಂದ ಬೇಗ ಕೆಂಪಾಗುತ್ತದೆ. ಉರಿ ಪೂರ್ತಿ ತಗ್ಗಿಸಿದೆ, ಆಗ ಮೊಟ್ಟೆ ಬಾಣಲೆಗೆ ಕಚ್ಚಿಕೊಂಡಿತು. ಮಧ್ಯದ ಉರಿ ಇಟ್ಟು, ಬಿಸಿ ಜಾಸ್ತಿಯಾದಾಗ ಬಾಣಲೆಯನ್ನೇ ಮೇಲೆತ್ತಬೇಕು. ಉರಿ ಮುಟ್ಟಬಾರದು. ಮೂರು ಸಲ ಸುರಿದು ಮೂರು ಸಲ ಸುತ್ತಬೇಕು. ಎರಡನೇ ಸಲ ಸುರಿದಾಗ ಮೊದಲ ಸುರುಳಿಯನ್ನು ಸ್ವಲ್ಪ ಎತ್ತಿ, ಅದರ ಅಡಿಗೂ ಮೊಟ್ಟೆ ಹರಿಯಬೇಕು. ಇದು ತಪ್ಪಿದ್ದಕ್ಕೇ ನನ್ನ ಸುರುಳಿ ಹಳೇ ಕ್ಯಾಲೆಂಡರಿನ ಹಾಗೆ ಬಿಚ್ಚಿಕೊಳ್ಳುತ್ತಿತ್ತು. ಇಲ್ಲಿಯವರು ಊಟದ ಕಡ್ಡಿಯಲ್ಲೇ ಮಗುಚುತ್ತಾರೆ. ನನ್ನದು ದೋಸೆ ಮಗುಚುವ ಕೈ, ದೋಸೆ ಸಟ್ಟುಗದಲ್ಲೇ ಮಾಡುತ್ತೇನೆ. ಏನೂ ಮುಳುಗಿ ಹೋಗಿಲ್ಲ.

ಕೊನೆಗೆ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ ಐದು ನಿಮಿಷ ಬಿಟ್ಟರೆ ಆಕಾರ ನಿಲ್ಲುತ್ತದೆ. ಒಂದು ತುಂಡನ್ನು ಓರೆಯಾಗಿ ಎರಡು ಮಾಡಿ, ಒಂದು ಅರ್ಧವನ್ನು ತಿರುಗಿಸಿ ಜೋಡಿಸಿದರೆ ಹೃದಯ. ನಾಲ್ಕು ಸೆಕೆಂಡಿನ ಕೆಲಸ. ಇಡೀ ಯೋಜನೆಯಲ್ಲಿ ಶ್ರಮಕ್ಕೆ ತಕ್ಕ ಚಪ್ಪಾಳೆ ಸಿಕ್ಕಿದ್ದು ಇದೊಂದಕ್ಕೇ. ಎರಡು ಮೊಟ್ಟೆಯಲ್ಲಿ ಅವಳಿಗೆ ಅರ್ಧ, ನನಗೆ ಅರ್ಧ.

ಅಲುಗಾಟ

ಶಾಲೆಗೆ ಹೋಗೋದು ಸೈಕಲ್ಲಿನ ಹಿಂದಿನ ಸೀಟಿನಲ್ಲಿ, ಬೆನ್ನಿಗೆ ಬ್ಯಾಗು. ಡಬ್ಬ ಬ್ಯಾಗಿನೊಳಗೆ ನೆಟ್ಟಗೆ ನಿಂತಿರುತ್ತದೆ. ರಸ್ತೆ ದಾಟುವಾಗ ಎಷ್ಟು ಕುಲುಕುತ್ತದೋ ಲೆಕ್ಕವಿಲ್ಲ. ಮೊದಲ ವಾರ ಸಾಲಾಗಿ ಜೋಡಿಸಿದ್ದೆಲ್ಲ ಒಂದು ಮೂಲೆಗೆ ಬಂದು, ಮದುವೆ ಊಟ ಮುಗಿದ ಎಲೆಯ ಹಾಗೆ ಇತ್ತು.

ಆಮೇಲೆ ಮನೆಯಲ್ಲೇ ಪರೀಕ್ಷೆ ಶುರು ಮಾಡಿದೆ. ತುಂಬಿ, ಮುಚ್ಚಿ, ನೆಟ್ಟಗೆ ನಿಲ್ಲಿಸಿ, ಹತ್ತು ಸಲ ಕುಲುಕಿ ತೆಗೆಯೋದು. ಜರುಗಿದ್ದರೆ ಎಲ್ಲೋ ಸಂದು ಉಳಿದಿದೆ ಅಂತ ಅರ್ಥ. ನಾಲ್ಕು ಸಲ ಸೋತ ಮೇಲೆ ಕ್ರಮ ಸಿಕ್ಕಿತು. ಮೊದಲು ಅನ್ನ, ಅದರ ಒಳ ಅಂಚು ಇಳಿಜಾರಾಗಿರಬೇಕು. ಆ ಇಳಿಜಾರಿಗೆ ಒರಗಿಸಿ ಮೊಟ್ಟೆ. ಆಮೇಲೆ ಪಲ್ಯದ ಸಿಲಿಕೋನ್ ಬಟ್ಟಲು. ಕೊನೆಗೆ ಉಳಿದ ಸಂದುಗಳಿಗೆ ಬ್ರೊಕೊಲಿಯ ಸಣ್ಣ ಹೂ. ಬ್ರೊಕೊಲಿ ಇಲ್ಲಿ ತರಕಾರಿಯಷ್ಟೇ ಅಲ್ಲ, ಬೆಣೆ ಕೂಡ. ಒತ್ತಿದರೆ ಕುಗ್ಗುತ್ತದೆ, ಬಿಟ್ಟರೆ ಹಿಗ್ಗಿ ಹಿಡಿದುಕೊಳ್ಳುತ್ತದೆ.

ಪದಾರ್ಥಗಳ ನಡುವೆ ಹುಲ್ಲಿನಂತೆ ಕತ್ತರಿಸಿದ ಹಸಿರು ಪ್ಲಾಸ್ಟಿಕ್ ಇಡುವುದನ್ನು ನೋಡಿರುತ್ತೀರಿ. ಅದಕ್ಕೆ ಬರಾನ್ ಅಂತಾರೆ. ಹರಾನ್ ಅನ್ನುವ ನಿಜವಾದ ಎಲೆಯ ಜಾಗಕ್ಕೆ ಬಂದಿದ್ದು ಅದು. ಬಾಳೆ ಎಲೆಯಿಂದ ಪೇಪರ್ ಎಲೆಗೆ ಬಂದ ನಮ್ಮದೂ ಅದೇ ಕಥೆ. ಲೆಟಿಸ್ ಎಲೆ ಇಟ್ಟು ನೋಡಿದೆ, ಮಧ್ಯಾಹ್ನದ ಹೊತ್ತಿಗೆ ಬಾಡಿ ನೀರು ಬಿಟ್ಟಿತು. ಬಿಟ್ಟೆ.

ನೀರಿನ ಸಮಸ್ಯೆಗೆ ಇಲ್ಲಿಯವರು ಪಲ್ಯದ ಅಡಿಗೆ ಒಣ ಮೀನಿನ ಎಸಳು ಅಥವಾ ಎಳ್ಳಿನ ಪುಡಿ ಹಾಕುತ್ತಾರೆ, ಅದು ರಸ ಹೀರುತ್ತದೆ. ನನಗೆ ಹೊಳೆದಿದ್ದು ಹುರಿಗಡಲೆ ಪುಡಿ. ಒಂದು ಟೀ ಚಮಚ ಬಟ್ಟಲಿನ ತಳದಲ್ಲಿ, ಮೇಲೆ ಕ್ಯಾರೆಟ್ ಪಲ್ಯವೋ ಹಿಂಡಿದ ಪಾಲಕ್ಕೋ. ಊಟದ ಹೊತ್ತಿಗೆ ಪುಡಿ ಪಲ್ಯಕ್ಕೆ ಹತ್ತಿಕೊಂಡು ಪಲ್ಯ ಇನ್ನೂ ರುಚಿ. ಸೋರುವ ಡಬ್ಬ ಸೋರುವುದು ಅಲ್ಲಿಗೆ ನಿಂತಿತು.

ಟೊಮೆಟೊ, ಪಾಂಡಾ

ಮೇ ತಿಂಗಳಲ್ಲಿ ರೆನ್ರಾಕುಚೊದಲ್ಲಿ, ಅಂದರೆ ಮನೆಗೂ ಶಾಲೆಗೂ ಓಡಾಡುವ ಪುಸ್ತಕದಲ್ಲಿ, ಒಂದು ಸಾಲು ಬಂತು: ಚಿಕ್ಕ ಟೊಮೆಟೊ, ದ್ರಾಕ್ಷಿ ದಯವಿಟ್ಟು ನಾಲ್ಕು ಭಾಗ ಮಾಡಿ ಕಳಿಸಿ. ಗುಂಡಗೆ, ನುಣುಪಾಗಿರುವುದು ಗಂಟಲಲ್ಲಿ ಮುಚ್ಚಳದ ಹಾಗೆ ಕೂರುತ್ತದೆ. ನಾನು ಇಡೀ ಟೊಮೆಟೊ ಇಟ್ಟಿದ್ದೆ, ಅಂದಕ್ಕೆ. ಆ ದಿನ ಟೀಚರ್ ನೋಡಿದ್ದು ನಮ್ಮ ಪುಣ್ಯ. ಆದರೆ ಕತ್ತರಿಸಿದ ಟೊಮೆಟೊ ರಸ ಬಿಡುತ್ತದೆ. ಬೀಜದ ಲೋಳೆ ತೆಗೆದು, ಕಾಗದದಲ್ಲಿ ಒತ್ತಿ, ಬಟ್ಟಲಿನಲ್ಲಿ ಹಾಕಿದರೆ ಸರಿ. ಅಷ್ಟು ಪುರುಸೊತ್ತಿಲ್ಲದ ದಿನ ಕೆಂಪಿಗೆ ಕ್ಯಾರೆಟ್. 5 ಮಿಲಿಮೀಟರ್ ಬಿಲ್ಲೆ, ಹೂವಿನ ಅಚ್ಚು, ಬೆರಳಲ್ಲಿ ಒತ್ತಿದರೆ ಅಮುಕುವಷ್ಟು ಬೇಯಿಸೋದು.

ಪಾಂಡಾ ಮಾಡಿದ್ದು ಮೇ ಕೊನೆಯಲ್ಲಿ. ಕ್ಯಾರಾಬೆನ್ ಅಂತಾರೆ, ಪಾತ್ರಗಳ ಮುಖ ಮಾಡುವ ಬೆಂಟೊ. 5 ಗಂಟೆಗೆ ಎದ್ದೆ. 50 ನಿಮಿಷ. ನೋರಿಯಲ್ಲಿ ಕಣ್ಣು ಕತ್ತರಿಸಿ ಬಿಸಿ ಅನ್ನದ ಮೇಲಿಟ್ಟರೆ ಹಬೆಗೆ ಸುರುಟಿ, ಪಾಂಡಾ ಅಳುವ ಹಾಗೆ ಕಾಣಿಸಿತು. ಎರಡನೇ ಜೊತೆ ಕಣ್ಣನ್ನು ಚೀಸ್ ತುಂಡಿನ ಮೇಲೆ ಅಂಟಿಸಿ, ಅನ್ನ ಆರಿದ ಮೇಲೆ ಇಟ್ಟೆ. ನಿಂತಿತು. ಕಿವಿ ಬೀಳದಂತೆ ಹಿಡಿಯೋಕೆ ಪ್ಲಾಸ್ಟಿಕ್ ಕಡ್ಡಿ ಚುಚ್ಚುವಂತಿಲ್ಲ, ಚಿಕ್ಕ ತರಗತಿಗೆ ಚೂಪು ಕಡ್ಡಿ ನಿಷೇಧ. ಇದಕ್ಕೆ ಇಲ್ಲಿನ ಅಮ್ಮಂದಿರ ಉಪಾಯ ಅದ್ಭುತ: ಬೇಯಿಸದ ಒಣ ಸ್ಪಾಗೆಟ್ಟಿಯ ಸಣ್ಣ ತುಂಡನ್ನು ಮೊಳೆಯ ಹಾಗೆ ಚುಚ್ಚೋದು. ಮಧ್ಯಾಹ್ನದೊಳಗೆ ಅದು ಅನ್ನದ ತೇವ ಕುಡಿದು ಮೆತ್ತಗಾಗಿರುತ್ತದೆ.

ಪಾಂಡಾ ಹಾಗೇ ವಾಪಸ್ ಬಂತು. ಒಂದು ಕಿವಿ ಕೂಡ ಮುಟ್ಟಿರಲಿಲ್ಲ. "ಅದನ್ನ ತಿಂದ್ರೆ ಅದಕ್ಕೆ ನೋವಾಗುತ್ತೆ" ಅಂದಳು. ಆವತ್ತು ಅವಳು ತಿಂದಿದ್ದು ಎರಡು ಬ್ರೊಕೊಲಿ, ಅರ್ಧ ಮೊಲ. ಮೊಲ ಅಂದರೆ ಸೇಬಿನ ಹೋಳು: ಸಿಪ್ಪೆಯಲ್ಲಿ ಇಂಗ್ಲಿಷಿನ ವಿ ಆಕಾರ ಕೊರೆದು, ಕಿವಿ ಎಬ್ಬಿಸಿ, ಕೆಂಪಾಗದಂತೆ ಉಪ್ಪು ನೀರಿನಲ್ಲಿ ಅದ್ದಿದ್ದು. 200 ಮಿಲಿಲೀಟರ್ ನೀರಿಗೆ 1 ಗ್ರಾಂ ಉಪ್ಪು, ಐದು ನಿಮಿಷ. ಮೊಲದ ಮೇಲೆ ಯಾಕೆ ಕನಿಕರ ಬರಲಿಲ್ಲ ಅಂತ ನನಗಿನ್ನೂ ಅರ್ಥವಾಗಿಲ್ಲ.

ಮಡಚಿಟ್ಟಿದ್ದ ಶಾಲೆಯ ಕಾಗದ ಹುಡುಕಿ ಫ್ರಿಜ್ ಬಾಗಿಲಿಗೆ ಅಂಟಿಸಿದ್ದು ಆ ಸಂಜೆ. ಮುಖ ಮಾಡೋದು ನಿಲ್ಲಿಸಿದೆ.

ಜೂನ್, ಜುಲೈ

ತ್ಸುಯು, ಇಲ್ಲಿನ ಮಳೆಗಾಲ. ಸೆಕೆ, ತೇವ, ಎಲ್ಲದರ ಮೇಲೂ ಬೂಸ್ಟು. ಈ ಎರಡು ತಿಂಗಳು ಹೊಸ ಅಡುಗೆ ಏನೂ ಕಲಿಯಲಿಲ್ಲ, ತಣಿಸೋದು ಕಲಿತೆ. ಮೇಜಿನ ಮೇಲೆ ಐಸ್ ಪ್ಯಾಕ್, ಅದರ ಮೇಲೆ ಸ್ಟೀಲ್ ತಟ್ಟೆ, ತಟ್ಟೆಯಲ್ಲಿ ಅನ್ನ ಮೊಟ್ಟೆ ಪಲ್ಯ ಹರಡಿ, ಎದುರಿಗೆ ಫ್ಯಾನು. 15 ನಿಮಿಷ. ಕೈಹಿಂಭಾಗಕ್ಕೆ ಬೆಚ್ಚಗೆನಿಸಿದರೆ ಇನ್ನೂ ಐದು. ಮುಚ್ಚಳದಲ್ಲಿ ಒಂದು ಹನಿ ಕಂಡರೂ ಒರೆಸಬೇಕು. ಬ್ಯಾಗಿನಲ್ಲಿ ಐಸ್ ಪ್ಯಾಕ್ ಡಬ್ಬದ ಮೇಲೆ ಇರಬೇಕು, ಅಡಿಗಲ್ಲ. ತಣ್ಣನೆ ಗಾಳಿ ಕೆಳಗಿಳಿಯುತ್ತದೆ ತಾನೇ. ಮೊಟ್ಟೆಯ ನಡುವೆ ಹಸಿ ಉಳಿಯುವಂತಿಲ್ಲ. ಮೊಸರನ್ನ, ಆಲೂಗಡ್ಡೆ ಸಲಾಡ್, ಮೂರೂ ವೇಳೆಯ ಉಳಿಕೆ, ಎಲ್ಲ ರದ್ದು.

ಅನ್ನದ ಮೇಲೆ ಉದುರಿಸುವ ಫುರಿಕಾಕೆ ಪುಡಿ ಮಕ್ಕಳಿಗೆ ಇಷ್ಟ. ಅಂಗಡಿಯ ಪೊಟ್ಟಣಗಳಲ್ಲಿ ಹೆಚ್ಚಿನವಕ್ಕೆ ಮೀನು ಬಿದ್ದಿರುತ್ತದೆ. 'ಕತ್ಸುವೊ' ಅನ್ನುವ ಮೀನಿನ ಹೆಸರಿನ ಅಕ್ಷರಗಳನ್ನು ಗುರುತು ಹಿಡಿಯೋದು ಕಲಿತೆ. ಆಮೇಲೆ ಮನೆಯಲ್ಲೇ ಮಾಡಿದೆ: ಹುರಿದ ಎಳ್ಳು, ಒಣಕೊಬ್ಬರಿ ತುರಿ, ಚೂರು ಉಪ್ಪು, ಕಾಳಿನಷ್ಟು ಬೆಲ್ಲ, ಚೂರು ಮಾಡಿದ ನೋರಿ. ಮೆಣಸಿನಕಾಯಿ ಬಿಟ್ಟ ಚಟ್ನಿಪುಡಿ, ಅಷ್ಟೇ.

ಸೆಪ್ಟೆಂಬರ್: ಪಡ್ಡು

ಬೇಸಿಗೆ ರಜೆ ಮುಗಿಯಿತು. ಇಲ್ಲಿ ಎಷ್ಟೋ ಮನೆಗಳಲ್ಲಿ ತಾಕೊಯಾಕಿ ಅನ್ನುವ ಆಕ್ಟೋಪಸ್ ಉಂಡೆ ಮಾಡುವ ಗುಳಿ ಗುಳಿ ಹಂಚು ಇರುತ್ತದೆ. ಅದನ್ನು ನೋಡಿದ ಕನ್ನಡದವರು ಯಾರಾದರೂ ಪಡ್ಡು ಅಂದುಕೊಳ್ಳದೆ ಇರುತ್ತಾರಾ? ಭಾನುವಾರ ದೋಸೆ ಹಿಟ್ಟಿನಲ್ಲಿ 18 ಪಡ್ಡು ಹುಯ್ದು ಫ್ರೀಜರಿಗೆ ಹಾಕಿದೆ. ಮೊದಲ ಬ್ಯಾಚ್ ತಣ್ಣಗಾದಾಗ ರಬ್ಬರ್ ಚೆಂಡು. ಇಲ್ಲಿ ಪ್ಯಾನ್‌ಕೇಕ್ ಮೆತ್ತಗಿರಲಿ ಅಂತ ಹಿಟ್ಟಿಗೆ ರೇಷ್ಮೆಯಂಥ ತೋಫು ಹಿಸುಕಿ ಹಾಕುತ್ತಾರೆ. ಒಂದು ಲೋಟ ಹಿಟ್ಟಿಗೆ 50 ಗ್ರಾಂ ತೋಫು, ಜೊತೆಗೆ ಬೇಯಿಸಿದ ಕಬೋಚಾ ಕುಂಬಳ ಎರಡು ಚಮಚ. ಬೇಯೋಕೆ ಸ್ವಲ್ಪ ಜಾಸ್ತಿ ಹೊತ್ತು, ಆದರೆ ಮಧ್ಯಾಹ್ನಕ್ಕೂ ಮೆತ್ತಗೆ, ಬಣ್ಣ ಹಳದಿ. ಬೆಳಗ್ಗೆ ಬಿಸಿ ಮಾಡಿ, ಆರಿಸಿ, ಅರ್ಧ ಕತ್ತರಿಸಿ ಇಡುತ್ತೇನೆ.

ಪಡ್ಡು ಹೋದ ಮೊದಲ ದಿನ ಮಗಳು ಮನೆಗೆ ಬಂದವಳೇ ಡಬ್ಬ ನನ್ನ ಕಿವಿಯ ಹತ್ತಿರ ಹಿಡಿದು ಕುಲುಕಿದಳು. ಸದ್ದಿಲ್ಲ.

ಗಂಟು, ನೆಗ್ಗು

ಬಟ್ಟೆ ಕಟ್ಟೋದು ಅವಳಿಗೆ ಅಕ್ಟೋಬರ್‌ನಲ್ಲಿ ಬಂತು. ಎರಡು ತುದಿ ಹಿಡಿದು ಒಂದು ಗಂಟು, ಮೇಲೆ ಇನ್ನೊಂದು. ನನ್ನಜ್ಜ ಹೊಲಕ್ಕೆ ಒಯ್ಯುತ್ತಿದ್ದ ಬುತ್ತಿ ಗಂಟೂ ಇದೇ. ನಯವಾದ ಪಾಲಿಯೆಸ್ಟರ್ ಬಟ್ಟೆಯಲ್ಲಿ ಗಂಟು ಜಾರುತ್ತಿತ್ತು. 45 ಸೆಂಟಿಮೀಟರ್ ಚೌಕದ ಹಳೇ ಹತ್ತಿ ಪಂಚೆಯ ತುಂಡು ಕೊಟ್ಟ ಮೇಲೆ ಸಲೀಸು.

ಹೋದ ವಾರ ಡಬ್ಬ ಮೆಟ್ಟಿಲ ಮೇಲಿಂದ ಬಿತ್ತು. ಮುಚ್ಚಳದ ಅಂಚು ಒಂದು ಕಡೆ ನೆಗ್ಗಿ, ಕೂರುತ್ತಿರಲಿಲ್ಲ. ಕತ್ತರಿಸುವ ಮಣೆಯ ಮೇಲೆ ಟವೆಲ್ ಮಡಚಿ ಹಾಸಿ, ಮುಚ್ಚಳ ಬೋರಲು ಹಾಕಿ, ಮರದ ಸೌಟಿನ ಬೆನ್ನಿನಿಂದ ಸಣ್ಣಗೆ ಒತ್ತುತ್ತಾ ಹೊರಗಿನಿಂದ ನಡುವಿಗೆ ಬಂದೆ. ಸುತ್ತಿಗೆ ಮುಟ್ಟಲಿಲ್ಲ, ಅಲುಮೈಟ್ ಪದರ ಬಿರುಕು ಬಿಟ್ಟರೆ ಮುಗಿಯಿತು. ಹತ್ತು ನಿಮಿಷದಲ್ಲಿ ಬಹುಪಾಲು ನೆಟ್ಟಗಾಯಿತು. ಈಗ ಮುಚ್ಚಳ ಕೂರುತ್ತದೆ, ಆದರೆ ಒಂದೇ ದಿಕ್ಕಿನಲ್ಲಿ. ತಿರುಗಿಸಿ ಹಾಕಿದರೆ ಇಲ್ಲ. ಅವಳಿಗೆ ಗೊತ್ತಾಗಲಿ ಅಂತ ಡಬ್ಬಕ್ಕೊಂದು, ಮುಚ್ಚಳಕ್ಕೊಂದು ಕೆಂಪು ಚುಕ್ಕೆ ಅಂಟಿಸಿದ್ದೇನೆ. ಚುಕ್ಕೆಗೆ ಚುಕ್ಕೆ ಸೇರಿಸಿ ಮುಚ್ಚುತ್ತಾಳೆ. ಡಿಸೆಂಬರ್‌ನಲ್ಲಿ ಬೆಚ್ಚನೆ ಕಪಾಟಿನೊಳಗೆ ಹೋದಾಗ ಅಂಟು ಕರಗಿ ಚುಕ್ಕೆ ಜಾರುತ್ತದೋ ಏನೋ, ನೋಡಬೇಕು.